ಊಲಾಂಗ್ ಚಹಾ

ಊಲಾಂಗ್ ಚಹಾ ಎಂಬುದು ಚಹಾ ಗಿಡದ ಬಲಿತ ಚಿಗುರನ್ನು ಬಾಡಿಸಿ, ಎಲೆಯಂಚು ಕಂದುವಂತೆ ಕುಲುಕಿ, ಭಾಗಶಃ ಮಾತ್ರ ಆಕ್ಸೀಕರಣಗೊಳ್ಳಲು ಬಿಟ್ಟು, ತಕ್ಕ ಹೊತ್ತಿಗೆ ಕಾವು ಕೊಟ್ಟು ಆ ಕ್ರಿಯೆಯನ್ನು ತಡೆದು ತಯಾರಿಸುವ ಚೀನೀ ಮೂಲದ ಚಹಾ. ಆಕ್ಸೀಕರಣವನ್ನು ಆರಂಭದಲ್ಲೇ ತಡೆದ ಹಸಿರು ಚಹಾ, ಅದನ್ನು ಪೂರ್ತಿ ನಡೆಯಲು ಬಿಟ್ಟ ಕಪ್ಪು ಚಹಾ, ಇವೆರಡರ ನಡುವೆ ಇದರ ಸ್ಥಾನ. ಚೀನಾದ ಫುಜಿಯಾನ್ ಮತ್ತು ಗ್ವಾಂಗ್‌ಡಾಂಗ್ ಪ್ರಾಂತಗಳು ಹಾಗೂ ತೈವಾನ್ ಇದರ ಮುಖ್ಯ ನೆಲೆಗಳು. ಭಾರತದಲ್ಲಿ ಡಾರ್ಜಿಲಿಂಗ್ ಮತ್ತು ನೀಲಗಿರಿಯ ಕೆಲವು ತೋಟಗಳು ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಈ ಲೇಖನವು ಊಲಾಂಗಿನ ಗುಣವನ್ನೂ ಅದನ್ನು ಇಳಿಸುವ ಕ್ರಮವನ್ನೂ ವಿವರಿಸುತ್ತದೆ. ಜೊತೆಗೆ ಬೆಂಗಳೂರು ಕಂಟೋನ್ಮೆಂಟ್ ಮತ್ತು ನಗರದ ಪೂರ್ವಭಾಗದ, ಅಂದರೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರಗಳ ನೀರು, ಎತ್ತರ ಮತ್ತು ಚಹಾ ರೂಢಿಗಳು ಆ ಕ್ರಮವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಹೇಳುತ್ತದೆ.

ಪರಿಭಾಷೆ

ಚಹಾ ವ್ಯಾಪಾರದಲ್ಲಿ ಊಲಾಂಗನ್ನು ‘ಅರೆ ಹುದುಗಿದ ಚಹಾ’ ಎನ್ನುವ ರೂಢಿಯಿದೆ. ಆದರೆ ಇಲ್ಲಿ ನಡೆಯುವುದು ದೋಸೆ ಹಿಟ್ಟು ಹುದುಗುವಾಗ ನಡೆಯುವಂತಹ ಸೂಕ್ಷ್ಮಜೀವಿಗಳ ಕೆಲಸವಲ್ಲ. ಎಲೆಯ ಜೀವಕೋಶ ಒಡೆದಾಗ ಅದರಲ್ಲೇ ಇರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಕ್ಯಾಟೆಚಿನ್‌ಗಳನ್ನು ಗಾಳಿಯ ಆಮ್ಲಜನಕದೊಂದಿಗೆ ಕೂಡಿಸುತ್ತದೆ. ಆದ್ದರಿಂದ ಇಲ್ಲಿ ‘ಆಕ್ಸೀಕರಣ’ ಎಂಬ ಪದವನ್ನೇ ಬಳಸಲಾಗಿದೆ. ‘ತಿಳಿ’ ಎಂದರೆ ಸೊಪ್ಪಿನಿಂದ ಬೇರ್ಪಡಿಸಿದ ಕುಡಿಯುವ ದ್ರವ. ‘ಇಳಿಸುವುದು’ ಎಂದರೆ ಬಿಸಿನೀರು ಹೊಯ್ದು ಎಲೆಯ ಸಾರವನ್ನು ನೀರಿಗೆ ತರುವುದು. ಒಂದೇ ಸೊಪ್ಪಿಗೆ ಮತ್ತೆ ಮತ್ತೆ ಹೊಯ್ಯುವ ನೀರನ್ನು ‘ಮೊದಲ ನೀರು’, ‘ಎರಡನೇ ನೀರು’ ಎಂದು ಕ್ರಮವಾಗಿ ಕರೆಯಲಾಗಿದೆ. ಹೂವಿನಿಂದ ಪರಿಮಳಿಸಿದ ಮಲ್ಲಿಗೆ ಚಹಾ ಸಾಮಾನ್ಯವಾಗಿ ಹಸಿರು ಚಹಾದಿಂದ ಮಾಡಿದ್ದು. ಚೀನೀ ಊಟದ ಹೋಟೆಲುಗಳಲ್ಲಿ ಕೊಡುವ ಆ ಚಹಾವನ್ನು ಊಲಾಂಗ್ ಎಂದು ತಿಳಿಯುವುದು ಸರಿಯಲ್ಲ.

ಮೂಲ ಮತ್ತು ಇತಿಹಾಸ

ಊಲಾಂಗ್ ಎಂಬ ಚೀನೀ ಹೆಸರಿಗೆ ಕಪ್ಪು ಡ್ರ್ಯಾಗನ್ ಎಂಬ ಅರ್ಥವಿದೆ. ಈ ತಯಾರಿಕೆಯ ವಿಧಾನ ರೂಪುಗೊಂಡದ್ದು ಫುಜಿಯಾನ್ ಪ್ರಾಂತದ ಉತ್ತರಕ್ಕಿರುವ ವೂಯಿ ಬೆಟ್ಟಗಳಲ್ಲಿ, ಮಿಂಗ್ ವಂಶದ ಕೊನೆ ಮತ್ತು ಚಿಂಗ್ ವಂಶದ ಆರಂಭದ ಕಾಲದಲ್ಲಿ, ಎಂದರೆ 17ನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಚೀನಾದ ಅರಮನೆಗೆ ಹೋಗುತ್ತಿದ್ದ ವೂಯಿ ಚಹಾವನ್ನು ಆವಿಯಲ್ಲಿ ಬೇಯಿಸಿ ಬಿಲ್ಲೆಯಾಗಿ ಒತ್ತುತ್ತಿದ್ದರು. ಮಿಂಗ್ ದೊರೆ 1391ರಲ್ಲಿ ಬಿಲ್ಲೆ ಚಹಾದ ಕಪ್ಪವನ್ನು ನಿಲ್ಲಿಸಿದ ಮೇಲೆ ಬಿಡಿ ಎಲೆಯ ಚಹಾ ಚೀನಾದೆಲ್ಲೆಡೆ ಹರಡಿತು. ಎಲೆಯನ್ನು ಬಾಡಿಸುವ, ಹುರಿಯುವ, ಒಣಗಿಸುವ ಹೊಸ ಪ್ರಯೋಗಗಳಿಗೆ ಅದು ದಾರಿ ಮಾಡಿತು.

ಊಲಾಂಗಿನ ಪೂರ್ಣ ಕ್ರಮವನ್ನು ಹೇಳುವ ಹಳೆಯ ಬರಹ ವಾಂಗ್ ಸಾವ್‌ತಾಂಗ್ ಎಂಬಾತನದು. ಕಾಲ ಸುಮಾರು 1717. ಕಿತ್ತ ಎಲೆಯನ್ನು ಬಿದಿರಿನ ತಟ್ಟೆಯಲ್ಲಿ ಹರವಿ ಬಿಸಿಲು ಗಾಳಿಗೆ ಇಡುವುದು, ಹಸಿರು ಬಣ್ಣ ಇಳಿದ ಮೇಲೆ ಹುರಿಯುವುದು, ಆಮೇಲೆ ಕೆಂಡದ ಕಾವಿನಲ್ಲಿ ಒಣಗಿಸುವುದು, ಸಿದ್ಧವಾದ ಎಲೆಯಲ್ಲಿ ಹಸಿರೂ ಕೆಂಪೂ ಕೂಡಿ ಕಾಣುವುದು, ಇವೆಲ್ಲ ಅದರಲ್ಲಿವೆ. ವೂಯಿ ಸೀಮೆಯ ಅಧಿಕಾರಿಯಾಗಿದ್ದ ಲು ತಿಂಗ್‌ಸಾನ್ 1734ರ ತನ್ನ ಚಹಾ ಗ್ರಂಥದಲ್ಲಿ ಈ ಬರಹವನ್ನು ಸೇರಿಸಿದ್ದರಿಂದ ಅದು ಉಳಿಯಿತು. ಅಂದಿನ ಯುರೋಪಿನವರು ವೂಯಿಯಿಂದ ಬಂದ ಗಾಢ ಬಣ್ಣದ ಚಹಾವನ್ನೆಲ್ಲ ‘ಬೋಹೀ’ ಎನ್ನುತ್ತಿದ್ದರು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಎಸೆದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬೋಹೀ. ಊಲಾಂಗಿಗೂ ಕಪ್ಪು ಚಹಾಕ್ಕೂ ಇಂದು ಎಳೆಯುವ ಗೆರೆ ಆ ವ್ಯಾಪಾರದಲ್ಲಿ ಸ್ಪಷ್ಟವಾಗಿರಲಿಲ್ಲ.

ವಿಧಾನವು ವೂಯಿಯಿಂದ ದಕ್ಷಿಣ ಫುಜಿಯಾನಿನ ಆನ್‌ಷಿಗೂ ಗ್ವಾಂಗ್‌ಡಾಂಗಿನ ಚಾವ್‌ಜೋ ಸೀಮೆಗೂ ಹಬ್ಬಿತು. ಫುಜಿಯಾನಿನಿಂದ ವಲಸೆ ಹೋದವರು ಗಿಡವನ್ನೂ ಕಸುಬನ್ನೂ ತೈವಾನಿಗೆ ಒಯ್ದರು. ಬ್ರಿಟಿಷ್ ವ್ಯಾಪಾರಿ ಜಾನ್ ಡಾಡ್ 1869ರಲ್ಲಿ ತೈವಾನಿನ ಊಲಾಂಗನ್ನು ‘ಫಾರ್ಮೋಸಾ’ ಹೆಸರಿನಲ್ಲಿ ನೇರವಾಗಿ ನ್ಯೂಯಾರ್ಕಿಗೆ ಕಳಿಸಿದ ಬಳಿಕ ಅದು ಜಾಗತಿಕ ಸರಕಾಯಿತು.

ಭಾರತದ ಚಹಾ ಕೃಷಿಯೂ ಚೀನೀ ಕಸುಬುದಾರರಿಗೆ ಋಣಿ. ಅಸ್ಸಾಮಿನ ಮೊದಲ ತೋಟಗಳಿಗೆ 1830ರ ದಶಕದಲ್ಲಿ ಚೀನೀ ಚಹಾ ತಯಾರಕರನ್ನು ಕರೆತರಲಾಯಿತು. ರಾಬರ್ಟ್ ಫಾರ್ಚೂನ್ 1849ರಲ್ಲಿ ವೂಯಿ ಬೆಟ್ಟಗಳನ್ನು ಸುತ್ತಿ, ಗಿಡ, ಬೀಜ ಮತ್ತು ಕೆಲಸಗಾರರನ್ನು ಹಿಮಾಲಯದ ಸರ್ಕಾರಿ ತೋಟಗಳಿಗೆ ತಂದ. ಆದರೂ ಇಲ್ಲಿ ನೆಲೆಯೂರಿದ್ದು ಊಲಾಂಗ್ ಅಲ್ಲ. ಲಂಡನ್ ಮಾರುಕಟ್ಟೆ ಕೇಳಿದ್ದು ಕಪ್ಪು ಚಹಾ. ತೋಟಗಳೂ ಅದನ್ನೇ ಕಲಿತವು.

ತಯಾರಿಕೆ

ಹಸಿರು ಚಹಾಕ್ಕೆ ಎಳೆಯ ಮೊಗ್ಗು ಬೇಕು. ಊಲಾಂಗಿಗೆ ಬೇಕಾದದ್ದು ಬೆಳವಣಿಗೆ ನಿಂತು ಬಾಯ್ಬಿಟ್ಟ, ಮೂರು ನಾಲ್ಕು ಎಲೆಗಳ ಬಲಿತ ಚಿಗುರು. ತೀರ ಎಳೆಯ ಎಲೆ ಮುಂದಿನ ಕುಲುಕಾಟವನ್ನು ತಾಳದೆ ಮುದ್ದೆಯಾಗುತ್ತದೆ. ಪರಿಮಳದ ಮೂಲದ್ರವ್ಯಗಳೂ ಬಲಿತ ಎಲೆಯಲ್ಲಿ ಹೆಚ್ಚು.

ಕಿತ್ತ ಎಲೆಯನ್ನು ಮೊದಲು ಇಳಿಬಿಸಿಲಿನಲ್ಲಿ ಹರವಿ ಬಾಡಿಸುತ್ತಾರೆ. ಬಾಡಿದ ಎಲೆ ನೀರು ಕಳೆದುಕೊಂಡು ಮೆತ್ತಗಾಗುತ್ತದೆ. ಬಳಿಕ ನೆರಳಿಗೆ ತಂದು ತಣಿಸಿ, ಬಿದಿರಿನ ಮೊರದಲ್ಲೋ ಉದ್ದನೆಯ ಬಿದಿರಿನ ಉರುಳೆಯಲ್ಲೋ ಹಾಕಿ ಕುಲುಕುತ್ತಾರೆ. ಎಲೆಗಳ ಅಂಚು ಒಂದಕ್ಕೊಂದು ತಾಗಿ ಜಜ್ಜುತ್ತದೆ, ನಡುಭಾಗ ಹಾಗೇ ಉಳಿಯುತ್ತದೆ. ಮತ್ತೆ ಕೆಲವು ಗಂಟೆ ವಿರಾಮ, ಮತ್ತೆ ಕುಲುಕು. ಸಂಜೆ ಆರಂಭವಾದ ಈ ಕೆಲಸ ಅನೇಕ ಸುತ್ತುಗಳಾಗಿ ಬೆಳಗಿನ ಜಾವದವರೆಗೆ ನಡೆಯುತ್ತದೆ. ವಿರಾಮದಲ್ಲಿ ದಂಟಿನ ತೇವ ಎಲೆಗೆ ಏರುತ್ತದೆ, ಜಜ್ಜಿದ ಅಂಚು ಕೆಂಪಾಗುತ್ತ ಬರುತ್ತದೆ. ನುರಿತ ತಯಾರಕ ಗಡಿಯಾರಕ್ಕಿಂತ ಮೂಗನ್ನು ಹೆಚ್ಚು ನಂಬುತ್ತಾನೆ: ಹುಲ್ಲಿನ ಹಸಿವಾಸನೆ ಹೋಗಿ ಹೂವಿನ, ಆಮೇಲೆ ಹಣ್ಣಿನ ವಾಸನೆ ಬರುವುದನ್ನು ಕಾಯುತ್ತಾನೆ. ಅಂಚು ಕೆಂಪು, ನಡು ಹಸಿರು ಆದ ಎಲೆ ವೂಯಿ ಊಲಾಂಗಿನ ಗುರುತು.

ಈ ಹಂತವೇ ಊಲಾಂಗಿನ ಜೀವಾಳ. ಜಜ್ಜಿದರೂ ಎಲೆ ಇನ್ನೂ ಜೀವಂತ. ಪೆಟ್ಟಿಗೂ ನೀರಿನ ಕೊರತೆಗೂ ಪ್ರತಿಕ್ರಿಯೆಯಾಗಿ ಅದು ನೆರೊಲಿಡಾಲ್, ಜಾಸ್ಮಿನ್ ಲ್ಯಾಕ್ಟೋನ್, ಇಂಡೋಲ್ ಮುಂತಾದ ಸುವಾಸನಾ ದ್ರವ್ಯಗಳನ್ನು ಉತ್ಪಾದಿಸುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮೂಗಿಗೆ ಬಡಿಯುವ ಮಲ್ಲಿಗೆಯ ಘಮದಲ್ಲೂ ಇಂಡೋಲ್ ಇದೆ. ಹೂವನ್ನೇ ಸೇರಿಸದ ಊಲಾಂಗಿನಲ್ಲಿ ಹೂವಿನ ವಾಸನೆ ಬರುವುದಕ್ಕೆ ಇದು ಕಾರಣ.

ಬೇಕಾದ ಹದ ಬಂದೊಡನೆ 200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದ ಬಾಣಲೆ ಅಥವಾ ತಿರುಗುವ ಪೀಪಾಯಿಯಲ್ಲಿ ಎಲೆಯನ್ನು ಬೇಗ ಬೇಗ ಕೈಯಾಡಿಸಿ ಹುರಿಯುತ್ತಾರೆ. ಕಿಣ್ವ ಸಾಯುತ್ತದೆ, ಆಕ್ಸೀಕರಣ ನಿಲ್ಲುತ್ತದೆ. ಅನಂತರ ಹೊಸೆಯುವುದು. ವೂಯಿ ಮತ್ತು ಚಾವ್‌ಜೋ ಸೀಮೆಗಳಲ್ಲಿ ಎಲೆಯನ್ನು ಉದ್ದುದ್ದ ಹುರಿಯಾಗಿ ಹೊಸೆಯುತ್ತಾರೆ. ಆನ್‌ಷಿ ಮತ್ತು ತೈವಾನಿನಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿ ಹೊರಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಗಟ್ಟಿ ಗುಳಿಗೆಯಾಗಿಸುತ್ತಾರೆ. ಕೊನೆಯದು ಒಣಗಿಸುವುದು, ಮತ್ತು ಕೆಲವು ಬಗೆಗಳಿಗೆ ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಕಾಯಿಸುವುದು. ವೂಯಿ ಚಹಾವನ್ನು ತಿಂಗಳುಗಳ ಅಂತರ ಕೊಟ್ಟು ಒಂದಕ್ಕಿಂತ ಹೆಚ್ಚು ಬಾರಿ ಹೀಗೆ ಕಾಯಿಸುವುದುಂಟು.

ಆಕ್ಸೀಕರಣದ ಪ್ರಮಾಣವನ್ನು ಸಾಮಾನ್ಯವಾಗಿ ಶೇ. 10ರಿಂದ 70ರವರೆಗೆ ಹೇಳುತ್ತಾರೆ. ಇದು ಅನುಭವದ ಅಂದಾಜು. ಪೊಟ್ಟಣದ ಮೇಲಿನ ಅಂಕಿಯನ್ನು ಪ್ರಯೋಗಾಲಯದ ಅಳತೆಯಂತೆ ಓದಬಾರದು. ಆಕ್ಸೀಕರಣ ಮತ್ತು ಕೆಂಡದ ಕಾವು ಬೇರೆ ಬೇರೆ ಎಂಬುದೂ ನೆನಪಿರಬೇಕು. ಕಡಿಮೆ ಆಕ್ಸೀಕರಣಗೊಂಡ ಎಲೆಯೂ ಹೆಚ್ಚು ಕಾಯಿಸಿದರೆ ಕಂದಾಗಿ ಕಾಣುತ್ತದೆ.

ಬಗೆಗಳು

ವೂಯಿ ಬಂಡೆ ಚಹಾ: ಕೆಂಪು ಮರಳುಗಲ್ಲಿನ ಕಡಿದಾದ ಕಣಿವೆಗಳಲ್ಲಿ ಬೆಳೆಯುವುದರಿಂದ ಈ ಹೆಸರು. ದಾ ಹೊಂಗ್ ಪಾವ್, ತಿಯೆ ಲುವೊಹಾನ್, ಶುಯಿ ಜಿನ್ ಗುಯಿ, ಬಾಯ್ ಜಿ ಗ್ವಾನ್ ಇಲ್ಲಿನ ನಾಲ್ಕು ಪ್ರಸಿದ್ಧ ತಳಿಗಳು. ಇಂದು ಹೆಚ್ಚಾಗಿ ಬೆಳೆಯುವುದು ಶುಯಿಷಿಯೆನ್ ಮತ್ತು ರೋಗುಯಿ. ತಿಳಿಯ ಬಣ್ಣ ಕಿತ್ತಳೆಯಿಂದ ತಾಮ್ರದವರೆಗೆ. ರುಚಿಯಲ್ಲಿ ಕೆಂಡದ ಘಮ, ದಾಲ್ಚಿನ್ನಿಯ ಛಾಯೆ, ಗಂಟಲಲ್ಲಿ ನಿಲ್ಲುವ ಖನಿಜದ ಗುಣ. ದಾ ಹೊಂಗ್ ಪಾವ್‌ನ ತಾಯಿ ಗಿಡಗಳು ಬಂಡೆಯ ಮೇಲೆ ಆರೇ ಆರು ಉಳಿದಿವೆ. 2006ರಿಂದ ಅವುಗಳ ಎಲೆ ಕೀಳುವುದನ್ನು ನಿಲ್ಲಿಸಲಾಗಿದ್ದು, ಕೊನೆಯ ಕೊಯ್ಲಿನ 20 ಗ್ರಾಂ ಚಹಾವನ್ನು 2007ರಲ್ಲಿ ಚೀನಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಲಾಯಿತು. ಆದುದರಿಂದ ಅಂಗಡಿಯಲ್ಲಿ ಈ ಹೆಸರಿನಿಂದ ಸಿಗುವುದು ಕಡ್ಡಿ ನೆಟ್ಟು ಬೆಳೆಸಿದ ಗಿಡಗಳ ಎಲೆ ಅಥವಾ ಹಲವು ವೂಯಿ ತಳಿಗಳ ಮಿಶ್ರಣ.

ಆನ್‌ಷಿ ತಿಯೆಗ್ವಾನ್‌ಯಿನ್: ದಕ್ಷಿಣ ಫುಜಿಯಾನಿನ ಗುಳಿಗೆ ಚಹಾ, ತಳಿಯ ಹೆಸರೂ ತಿಯೆಗ್ವಾನ್‌ಯಿನ್ ಎಂದೇ. ಹಳೆಯ ಶೈಲಿಯಲ್ಲಿ ಇದನ್ನು ಮಧ್ಯಮ ಪ್ರಮಾಣದಲ್ಲಿ ಆಕ್ಸೀಕರಿಸಿ ಕೆಂಡದಲ್ಲಿ ಕಾಯಿಸುತ್ತಿದ್ದರು. 1990ರ ದಶಕದಿಂದೀಚೆಗೆ ಹಸಿರು ಹೆಚ್ಚಾಗಿ ಉಳಿಸಿದ, ಹೂಘಮ ಎದ್ದು ಕಾಣುವ ಶೈಲಿ ಮೇಲುಗೈ ಪಡೆಯಿತು. ಇದು ಬೇಗ ಕೆಡುವುದರಿಂದ ಗಾಳಿ ತೆಗೆದ ಏಳೆಂಟು ಗ್ರಾಮಿನ ಚಿಕ್ಕ ಪೊಟ್ಟಣಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವುದು ಸಾಮಾನ್ಯವಾಯಿತು.

ಫೆಂಗ್‌ಹ್ವಾಂಗ್ ದಾನ್‌ಚೊಂಗ್: ಗ್ವಾಂಗ್‌ಡಾಂಗಿನ ಫೆಂಗ್‌ಹ್ವಾಂಗ್ ಬೆಟ್ಟದ ಹುರಿ ಚಹಾ. ಇಲ್ಲಿನ ಗಿಡಗಳನ್ನು ಅವುಗಳ ಪರಿಮಳದಿಂದಲೇ ಗುರುತಿಸಿ ಹೆಸರಿಟ್ಟಿದ್ದಾರೆ: ಜೇನು, ಆರ್ಕಿಡ್, ಬಾದಾಮಿ ಇತ್ಯಾದಿ. ಇವು ಬೆರಕೆಯ ವಾಸನೆಗಳಲ್ಲ, ತಳಿಯ ಸಹಜ ಗುಣ. ಹೊತ್ತು ಮೀರಿದರೆ ತೀರ ಒಗರಾಗುವ ಚಹಾ ಇದು.

ತೈವಾನಿನ ಊಲಾಂಗ್: ಅತಿ ಕಡಿಮೆ ಆಕ್ಸೀಕರಣದ ಬಾವ್‌ಜೊಂಗ್, ಮಧ್ಯಮ ಕಾವಿನ ಡೊಂಗ್‌ಡಿಂಗ್, 1,000 ಮೀಟರಿಗೂ ಮೇಲೆ ಬೆಳೆಯುವ ಆಲಿಶಾನ್, ಲಿಶಾನ್ ಮುಂತಾದ ಎತ್ತರದ ಚಹಾಗಳು ಮುಖ್ಯ. 1981ರಲ್ಲಿ ಬಿಡುಗಡೆಯಾದ ಜಿನ್‌ಷ್ವಾನ್ ತಳಿಗೆ ಹಾಲಿನ ಕೆನೆಯಂತಹ ಮೃದುವಾದ ಸಹಜ ಘಮವಿದೆ. ‘ಮಿಲ್ಕ್ ಊಲಾಂಗ್’ ಎಂದು ಮಾರುವುದರಲ್ಲಿ ಬಹುಪಾಲು ಕೃತಕ ಸುವಾಸನೆ ಹಾಕಿದ್ದಾಗಿರುತ್ತದೆ. ಪೊಟ್ಟಣ ತೆರೆದೊಡನೆ ಮಿಠಾಯಿಯಂತೆ ಕಟುವಾಗಿ ವಾಸನೆ ಹೊಡೆದು, ಎರಡನೇ ನೀರಿಗೆ ಅದು ಮಾಯವಾದರೆ ಹಾಕಿದ ವಾಸನೆಯೆಂದು ತಿಳಿಯಬಹುದು.

ತೈವಾನಿನದೇ ಆದ ‘ಪೂರ್ವದ ಚೆಲುವೆ’ ಎಂಬ ಚಹಾ ಇವೆಲ್ಲವುಗಳಿಂದ ಭಿನ್ನ. ಬೇಸಿಗೆಯಲ್ಲಿ ಹಸಿರು ಜಿಗಿಹುಳು ಚಿಗುರಿನ ರಸ ಹೀರಿದಾಗ ಗಿಡವು ರಕ್ಷಣೆಗಾಗಿ ಉತ್ಪಾದಿಸುವ ದ್ರವ್ಯಗಳಿಂದ ಇದಕ್ಕೆ ಜೇನು ಮತ್ತು ಮಾಗಿದ ಹಣ್ಣಿನ ಘಮ ಬರುತ್ತದೆ. ಹುಳು ಬಾರದೆ ಈ ಚಹಾ ಇಲ್ಲವಾದ್ದರಿಂದ ಆ ತೋಟಗಳಿಗೆ ಕೀಟನಾಶಕ ಹೊಡೆಯುವಂತಿಲ್ಲ. ಡಾರ್ಜಿಲಿಂಗಿನ ಎರಡನೇ ಕೊಯ್ಲಿನ ಚಹಾದಲ್ಲಿ ಬರುವ ದ್ರಾಕ್ಷಿಯಂತಹ ಘಮಕ್ಕೂ ಇಂತಹ ಹುಳುಗಳ ಕಡಿತವೇ ಕಾರಣ.

ಇಳಿಸುವ ಕ್ರಮ

ಊಲಾಂಗನ್ನು ಹಾಲು, ಸಕ್ಕರೆ ಸೇರಿಸದೆ ಕುಡಿಯುತ್ತಾರೆ. ಹಾಲಿನ ಕೇಸಿನ್ ಪ್ರೋಟೀನು ಪಾಲಿಫಿನಾಲುಗಳೊಂದಿಗೆ ಬೆಸೆದು ಒಗರನ್ನು ತಗ್ಗಿಸುತ್ತದೆ. ಗಟ್ಟಿ ಅಸ್ಸಾಮ್ ಚಹಾಕ್ಕೆ ಅದು ಗುಣ, ಊಲಾಂಗಿಗೆ ನಷ್ಟ. ಈ ಎಲೆಯನ್ನು ಒಲೆಯ ಮೇಲೆ ಕುದಿಸುವುದೂ ಇಲ್ಲ.

ಇದರ ಶಾಸ್ತ್ರೀಯ ಕ್ರಮ ಗೊಂಗ್‌ಫು ಚಾ. ಚಾವ್‌ಜೋ ಸೀಮೆಯ ಗೊಂಗ್‌ಫು ಚಾ ಪದ್ಧತಿಯನ್ನು ಚೀನಾ 2008ರಲ್ಲಿ ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದರಲ್ಲಿ ಪಾತ್ರೆ ಚಿಕ್ಕದು, ಸೊಪ್ಪು ಹೆಚ್ಚು, ಹೊತ್ತು ಕಡಿಮೆ. 100ರಿಂದ 120 ಮಿಲಿಲೀಟರಿನ ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಚೀನೀಯರು ಗೈವಾನ್ ಎನ್ನುವುದು, ಅಥವಾ ಯಿಷಿಂಗ್ ಮಣ್ಣಿನ ಹೂಜಿ ಬೇಕು. ಬಟ್ಟಲಿಗೂ ಲೋಟಗಳಿಗೂ ಮೊದಲು ಬಿಸಿನೀರು ಹೊಯ್ದು ಚೆಲ್ಲುತ್ತಾರೆ. 5ರಿಂದ 7 ಗ್ರಾಂ ಸೊಪ್ಪು ಹಾಕಿ, ಆಗಷ್ಟೇ ಕುದಿದ ನೀರು ಹೊಯ್ದು, ಕೆಲವೇ ಕ್ಷಣಗಳಲ್ಲಿ ಆ ನೀರನ್ನು ಬಸಿದುಬಿಡುತ್ತಾರೆ. ಇದರಿಂದ ಎಲೆ ಬಿಸಿಯಾಗಿ ಸಡಿಲಗೊಳ್ಳುತ್ತದೆ. ಹೀಗೆ ತೊಳೆದರೆ ಕೆಫೀನ್ ಹೋಗಿಬಿಡುತ್ತದೆಂಬ ಮಾತು ನಿಜವಲ್ಲ. ಅಷ್ಟು ಕಡಿಮೆ ಹೊತ್ತಿನಲ್ಲಿ ಇಳಿಯುವುದು ಅದರ ಸಣ್ಣ ಪಾಲು ಮಾತ್ರ. ಕುಡಿಯುವ ಮೊದಲ ನೀರಿಗೆ 15ರಿಂದ 20 ಸೆಕೆಂಡು ಸಾಕು. ಆಮೇಲಿನ ಪ್ರತಿ ನೀರಿಗೂ ಐದೋ ಹತ್ತೋ ಸೆಕೆಂಡು ಏರಿಸುತ್ತ ಹೋಗಬೇಕು. ಒಳ್ಳೆಯ ಎಲೆ ಆರರಿಂದ ಎಂಟು ನೀರು ತಾಳುತ್ತದೆ. ಗುಳಿಗೆ ಚಹಾ ಮೊದಲ ನೀರಿನಲ್ಲಿ ಅರ್ಧವಷ್ಟೇ ಬಿಚ್ಚಿಕೊಳ್ಳುವುದರಿಂದ ಅದರ ಎರಡು, ಮೂರನೇ ನೀರು ಹೆಚ್ಚು ತುಂಬಿದ ರುಚಿ ಕೊಡುತ್ತದೆ. ಪ್ರತಿ ಸಲವೂ ತಿಳಿಯನ್ನು ಹನಿ ಉಳಿಯದಂತೆ ಬಸಿಯಬೇಕು. ತಳದಲ್ಲಿ ನಿಂತ ನೀರು ಮುಂದಿನ ಸರದಿಯನ್ನು ಒಗರಾಗಿಸುತ್ತದೆ.

ಮನೆಯ ಸಾಮಾನ್ಯ ರೂಢಿಗೆ ದೊಡ್ಡ ಲೋಟದ ಕ್ರಮವೂ ನಡೆಯುತ್ತದೆ: 200ರಿಂದ 250 ಮಿಲಿಲೀಟರು ನೀರಿಗೆ 3 ಗ್ರಾಂ ಸೊಪ್ಪು, ಮುಚ್ಚಿ ಮೂರು ನಾಲ್ಕು ನಿಮಿಷ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತದೆ. ಒಂದು ಚಮಚ ಗುಳಿಗೆ ಚಹಾ ಒಂದು ಚಮಚ ಹುರಿ ಚಹಾಕ್ಕಿಂತ ಬಹಳ ತೂಕ. ಕಡಿಮೆ ಆಕ್ಸೀಕರಣದ ಬಾವ್‌ಜೊಂಗಿನಂತಹ ಚಹಾಕ್ಕೆ 85ರಿಂದ 90 ಡಿಗ್ರಿಯ ನೀರು ಸಾಕು. ಕೆಂಡದಲ್ಲಿ ಕಾಯಿಸಿದ್ದಕ್ಕೆ ಕುದಿಯುವ ನೀರೇ ಬೇಕು.

ರುಚಿ ಪರೀಕ್ಷಕರ ಅಳತೆ ಬೇರೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 1980ರ ಕ್ರಮದಲ್ಲಿ 100 ಮಿಲಿಲೀಟರಿಗೆ 2 ಗ್ರಾಂ ಚಹಾ, ಆರು ನಿಮಿಷ. ಚೀನಾದಲ್ಲಿ ಊಲಾಂಗಿಗೆಂದೇ ಇರುವ ಗೈವಾನ್ ಕ್ರಮದಲ್ಲಿ 110 ಮಿಲಿಲೀಟರಿಗೆ 5 ಗ್ರಾಂ ಹಾಕಿ ಕ್ರಮವಾಗಿ ಎರಡು, ಮೂರು, ಐದು ನಿಮಿಷಗಳ ಮೂರು ನೀರು ತೆಗೆಯುತ್ತಾರೆ. ಇವು ಎಲೆಯ ದೋಷ ಹೊರಗೆಡಹಲು ಮಾಡಿದ ಕ್ರಮಗಳು, ಕುಡಿಯುವ ಸುಖಕ್ಕಲ್ಲ.

ಬೆಂಗಳೂರಿನ ಎತ್ತರ ಮತ್ತು ನೀರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 97 ಡಿಗ್ರಿಗೆ. ಹಲಸೂರಿನ ಅಡುಗೆಮನೆಯಲ್ಲಿ ಎಷ್ಟೇ ಹೊತ್ತು ಕುದಿಸಿದರೂ ತೆರೆದ ಪಾತ್ರೆಯ ನೀರು ಮಂಗಳೂರಿನ ಕುದಿನೀರಿನ ಬಿಸಿ ಮುಟ್ಟುವುದಿಲ್ಲ. ಊಲಾಂಗಿಗೆ ಇದು ಅಡ್ಡಿಯಲ್ಲ, ಆದರೆ ಬಿಸಿ ಕಳೆದುಕೊಳ್ಳಲು ಎಡೆಯೂ ಇಲ್ಲ. ತಣ್ಣನೆಯ ಪಿಂಗಾಣಿ ಬಟ್ಟಲಿಗೆ ಹೊಯ್ದ ಕ್ಷಣದಲ್ಲೇ ನೀರು ಹಲವು ಡಿಗ್ರಿ ಇಳಿಯುತ್ತದೆ, ಡಿಸೆಂಬರ್ ಜನವರಿಯ ಬೆಳಗಿನಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಇಲ್ಲಿ ಬಟ್ಟಲನ್ನು ಮೊದಲೇ ಬಿಸಿ ಮಾಡುವುದು ಶಿಷ್ಟಾಚಾರವಲ್ಲ, ಅಗತ್ಯ. ಕೆಟಲು ಕುದಿದು ತಾನಾಗಿ ಬಂದ್ ಆದೊಡನೆ ಹೊಯ್ಯಬೇಕು. ‘ನೀರು ಸ್ವಲ್ಪ ಆರಲಿ’ ಎಂಬ ಕರಾವಳಿ ಊರುಗಳ ಸಲಹೆ ಗಾಢ ಊಲಾಂಗಿಗೆ ಇಲ್ಲಿ ಹೊಂದುವುದಿಲ್ಲ.

ಬಿಸಿಗಿಂತ ಹೆಚ್ಚು ವ್ಯತ್ಯಾಸ ಮಾಡುವುದು ನೀರಿನ ಗಡಸು. ಪೂರ್ವ ಬೆಂಗಳೂರಿನಲ್ಲಿ ಎರಡು ಬಗೆಯ ನೀರು ಬಳಕೆಯಲ್ಲಿದೆ. ಶಿವಾಜಿನಗರ, ಹಲಸೂರು, ಇಂದಿರಾನಗರಗಳಂತಹ ಹಳೆಯ ಬಡಾವಣೆಗಳಿಗೆ ನಲ್ಲಿಯಲ್ಲಿ ಕಾವೇರಿ ಬರುತ್ತದೆ. ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ ಮೇಲೆತ್ತಿ ತರುವ ಈ ನೀರಿನ ಯೋಜನೆಯ ಮೊದಲ ಹಂತ 1974ರಲ್ಲಿ ಮುಗಿಯಿತು. ಕೆ.ಆರ್.ಪುರ ಮತ್ತು ಮಹದೇವಪುರದ ಕಡೆ ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರೇ ಆಸರೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಕೊಳವೆಬಾವಿಯ ಬಳಕೆ ಅದರಿಂದ ನಿಂತಿಲ್ಲ.

ಬಂಡೆಯ ಬಿರುಕುಗಳಲ್ಲಿ ನಿಂತ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಬೈಕಾರ್ಬೊನೇಟು ಹೆಚ್ಚು. ಬೈಕಾರ್ಬೊನೇಟು ತಿಳಿಯ ಸಹಜ ಹುಳಿಯನ್ನು ತಗ್ಗಿಸಿ ಬಣ್ಣವನ್ನು ಮಂಕಾಗಿಸುತ್ತದೆ, ಹೂವಿನ ಘಮ ಅಡಗುತ್ತದೆ, ಮೇಲೆ ತೆಳ್ಳನೆಯ ಕೆನೆಗಟ್ಟಿದ ಪದರ ತೇಲುತ್ತದೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟಿನ ಸನ್ನಿಧಿಯಲ್ಲಿ ಚಹಾದ ಪಾಲಿಫಿನಾಲುಗಳು ಗಾಳಿಗೆ ಆಕ್ಸೀಕರಣಗೊಂಡು ಆ ಪದರವಾಗುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂ ಗಡಸನ್ನು ಅಪೇಕ್ಷಣೀಯ ಮಿತಿ ಎಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಆಗಬಹುದು ಎಂದೂ ಹೇಳುತ್ತದೆ. ಕುಡಿಯಲು ಯೋಗ್ಯವಾದ ನೀರೆಲ್ಲ ಊಲಾಂಗಿಗೆ ಯೋಗ್ಯವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಮನೆಯ ಆರ್‌ಓ ಯಂತ್ರ ಇನ್ನೊಂದು ತುದಿಗೆ ಒಯ್ಯುತ್ತದೆ. ಖನಿಜವೆಲ್ಲ ಹೋದ ನೀರಿನಲ್ಲಿ ಒಗರು ಮುಂದಾಗಿ, ತಿಳಿ ತೆಳುವಾಗುತ್ತದೆ. ಆರ್‌ಓ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸುವುದು ಸುಲಭದ ಪರಿಹಾರ. ನಲ್ಲಿ ನೀರಿನ ಕ್ಲೋರಿನ್ ವಾಸನೆಯನ್ನು, ರಾತ್ರಿ ತೆರೆದ ಪಾತ್ರೆಯಲ್ಲಿಟ್ಟು ಬೆಳಗ್ಗೆ ಮುಚ್ಚಳ ತೆಗೆದು ಕುದಿಸಿ ಕಳೆಯಬಹುದು. ಕುದಿಸಿದಾಗ ಗಡಸಿನ ಒಂದು ಭಾಗವೂ ಸುಣ್ಣವಾಗಿ ತಳಕ್ಕಿಳಿಯುತ್ತದೆ. ಕೆಟಲಿನ ಒಳಗೆ ಬಿಳಿ ಪೊರೆ ಕಟ್ಟುವುದು ಇದರಿಂದಲೇ.

ಕಂಟೋನ್ಮೆಂಟಿನ ಚಹಾ ರೂಢಿಯಲ್ಲಿ ಊಲಾಂಗಿನ ಸ್ಥಾನ

1809ರಲ್ಲಿ ಆರಂಭವಾದ ಕಂಟೋನ್ಮೆಂಟ್ ಬೆಂಗಳೂರಿನ ಪೇಟೆಗಿಂತ ಬೇರೆಯಾದ ಊಟತಿಂಡಿಯ ರೂಢಿಯನ್ನು ಬೆಳೆಸಿಕೊಂಡಿತು. ಶಿವಾಜಿನಗರದ ಬಸ್ ನಿಲ್ದಾಣ, ರಸೆಲ್ ಮಾರುಕಟ್ಟೆಗಳ ಸುತ್ತಲಿನ ಅಂಗಡಿಗಳಲ್ಲಿ ಟೀ ಎಂದರೆ ಹಾಲಿನಲ್ಲಿ ಕುದಿಸಿದ ಪುಡಿ ಟೀ. ಈ ಪುಡಿ ಸಿಟಿಸಿ ವಿಧಾನದ್ದು. ಎಲೆಯನ್ನು ಹಲ್ಲುಳ್ಳ ಉರುಳೆಗಳ ನಡುವೆ ಅರೆದು, ಹರಿದು, ಸುರುಳಿಸಿ ಕಾಳು ಮಾಡುವ ಈ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಕಾಳಿನಿಂದ ಬಣ್ಣವೂ ಕಸುವೂ ಎರಡೇ ನಿಮಿಷದಲ್ಲಿ ಇಳಿದುಬಿಡುತ್ತವೆ, ಎರಡನೇ ನೀರಿಗೆ ಏನೂ ಉಳಿಯುವುದಿಲ್ಲ. ಊಲಾಂಗ್ ಇದಕ್ಕೆ ತದ್ವಿರುದ್ಧ: ಇಡೀ ಎಲೆ, ನಿಧಾನ, ಹಲವು ನೀರು.

ಈ ಭಾಗದ ರೂಢಿಗಳಲ್ಲಿ ಊಲಾಂಗಿಗೆ ಹತ್ತಿರವಾದದ್ದು ಸುಲೈಮಾನಿ. ಶಿವಾಜಿನಗರ, ಫ್ರೇಜರ್ ಟೌನ್‌ಗಳಲ್ಲಿ ಬಿರಿಯಾನಿ ಊಟದ ಬಳಿಕ ಕುಡಿಯುವ ಈ ಚಹಾದಲ್ಲಿ ಹಾಲಿಲ್ಲ. ಕಪ್ಪು ಚಹಾದ ತಿಳಿಗೆ ಸಕ್ಕರೆ ಮತ್ತು ನಿಂಬೆರಸ, ಕೆಲವೆಡೆ ಏಲಕ್ಕಿ, ಲವಂಗ, ಪುದೀನ. ಮಲಯಾಳಿ ಅಂಗಡಿಗಳ ಕಟ್ಟನ್ ಚಾಯವೂ ಇದೇ ಕುಲ. ನಿಂಬೆ ಬಿದ್ದೊಡನೆ ಸುಲೈಮಾನಿ ಹೊಂಬಣ್ಣಕ್ಕೆ ತಿರುಗುವುದು ಕಪ್ಪು ಚಹಾದ ಥಿಯಾರುಬಿಜಿನ್ ಮುಂತಾದ ಬಣ್ಣದ್ರವ್ಯಗಳು ಹುಳಿಯಲ್ಲಿ ತಿಳಿಯಾಗುವುದರಿಂದ. ನಿಂಬೆಯನ್ನು ಊಲಾಂಗಿಗೆ ಹಿಂಡಿದರೆ ಅದರ ಘಮ ಪೂರ್ತಿ ಮುಚ್ಚಿಹೋಗುತ್ತದೆ. ಆದರೂ ಹಾಲಿಲ್ಲದ ಚಹಾದ ರುಚಿಯನ್ನು ನಾಲಿಗೆಗೆ ಪರಿಚಯಿಸಿದ್ದು ಸುಲೈಮಾನಿ ಎಂಬ ಕಾರಣಕ್ಕೆ ಅದು ಇಲ್ಲಿ ಗಣ್ಯ.

ಎಲೆ ಚಹಾ ಮತ್ತು ಊಲಾಂಗ್ ಪ್ರತ್ಯೇಕ ಪಾನೀಯವಾಗಿ ಈ ಭಾಗಕ್ಕೆ ಬಂದದ್ದು ಇತ್ತೀಚೆಗೆ. ಶಿವಾಜಿನಗರಕ್ಕೆ ಹೊಂದಿಕೊಂಡ ಕನ್ನಿಂಗ್‌ಹ್ಯಾಮ್ ರಸ್ತೆಯ ಇನ್‌ಫಿನಿಟೀಯಂತಹ ಚಹಾ ಕೋಣೆಗಳು ತೋಟದ ಹೆಸರು ಹೇಳಿ ಚಹಾ ಕೊಡುವ ಪದ್ಧತಿಯನ್ನು ತಂದವು. ಇಂದಿರಾನಗರದ ಕೆಫೆಗಳಲ್ಲಿ ಸಿಗುವ ಬಬಲ್ ಟೀ 1980ರ ದಶಕದ ತೈವಾನಿನ ಸೃಷ್ಟಿ. ಅದಕ್ಕೆ ಕಪ್ಪು ಚಹಾದ ಜೊತೆಗೆ ಹುರಿದ ಊಲಾಂಗನ್ನೂ ಬಳಸುತ್ತಾರೆ.

ಸಂಗ್ರಹ

ಒಣ ಚಹಾ ತೇವವನ್ನೂ ಸುತ್ತಲಿನ ವಾಸನೆಯನ್ನೂ ಬೇಗ ಹೀರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ಮಳೆಗಾಲದಲ್ಲಿ ತೆರೆದ ಪೊಟ್ಟಣ ಕೆಲವೇ ವಾರಗಳಲ್ಲಿ ಸಪ್ಪೆಯಾಗುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಬೇಕು. ಇಂಗು, ಸಾರಿನಪುಡಿ, ಕಾಫಿಪುಡಿಗಳಿರುವ ಕಪಾಟು ಕೂಡದು. ಹಸಿರು ಶೈಲಿಯ ತಿಯೆಗ್ವಾನ್‌ಯಿನ್ ಮಾತ್ರ ಫ್ರಿಜ್ಜಿಗೆ ತಕ್ಕದ್ದು. ಹೊರತೆಗೆದ ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಬೇಕು, ಇಲ್ಲವಾದರೆ ಎಲೆಯ ಮೇಲೆ ತೇವ ಕಟ್ಟುತ್ತದೆ. ಕೆಂಡದಲ್ಲಿ ಚೆನ್ನಾಗಿ ಕಾಯಿಸಿದ ಊಲಾಂಗ್ ವರ್ಷಗಟ್ಟಲೆ ಬಾಳುತ್ತದೆ.

ಆರೋಗ್ಯ

ಊಲಾಂಗಿನಲ್ಲಿ ಕೆಫೀನ್, ಥಿಯನೀನ್, ಉಳಿದ ಕ್ಯಾಟೆಚಿನ್‌ಗಳು ಮತ್ತು ಆಕ್ಸೀಕರಣದಿಂದ ಹುಟ್ಟಿದ ಪಾಲಿಫಿನಾಲುಗಳಿವೆ. ತೂಕ ಇಳಿಸುವ ಚಹಾ ಎಂದು ಇದನ್ನು ಮಾರುವುದುಂಟು. ಆ ಮಟ್ಟದ ಪರಿಣಾಮಕ್ಕೆ ಗಟ್ಟಿ ಆಧಾರವಿಲ್ಲ. ಚಹಾದ ಪಾಲಿಫಿನಾಲುಗಳು ಸಸ್ಯಾಹಾರದ ಕಬ್ಬಿಣಾಂಶ ದೇಹಕ್ಕೆ ಹತ್ತದಂತೆ ತಡೆಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಅನಂತರವೂ ಕಾಫಿ ಟೀ ಬೇಡವೆಂದೂ, ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದೆಂದೂ ಹೇಳುತ್ತದೆ. ರಕ್ತಹೀನತೆ ಇರುವವರಿಗೆ ಈ ಮಾತು ಮುಖ್ಯ.

ಇಂದಿನ ಸ್ಥಿತಿ

ಚೀನಾದ ಒಟ್ಟು ಚಹಾ ಉತ್ಪಾದನೆಯಲ್ಲಿ ಊಲಾಂಗಿನ ಪಾಲು ಸುಮಾರು ಹತ್ತರಲ್ಲಿ ಒಂದು. ಜಪಾನಿನಲ್ಲಿ ಇಟೋ ಎನ್ ಮತ್ತು ಸನ್‌ಟೋರಿ ಕಂಪನಿಗಳು 1981ರಲ್ಲಿ ಡಬ್ಬಿಯಲ್ಲಿ ತುಂಬಿದ ಸಕ್ಕರೆರಹಿತ ಊಲಾಂಗನ್ನು ತಂದ ಮೇಲೆ ಅದು ಅಲ್ಲಿ ದಿನನಿತ್ಯದ ಪಾನೀಯವಾಯಿತು. ಆನ್‌ಷಿಯ ತಿಯೆಗ್ವಾನ್‌ಯಿನ್ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2022ರಲ್ಲಿ ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿತು. ಅದೇ ವರ್ಷ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಕರ್ನಾಟಕದಲ್ಲಿ ಚಹಾ ತೋಟಗಳು ಬೆರಳೆಣಿಕೆಯಷ್ಟು: ಚಿಕ್ಕಮಗಳೂರಿನ ಕೆಳಗೂರು, ಸಕಲೇಶಪುರದ ಕಾಡಮನೆ, ಕೊಡಗಿನ ಗ್ಲೆನ್‌ಲಾರ್ನಾ ಮುಂತಾದವು. ಬೆಂಗಳೂರಿಗೆ ಹತ್ತಿರದ ಊಲಾಂಗ್ ನೆಲೆ ನೀಲಗಿರಿ. ಅಲ್ಲಿನ ಸಣ್ಣ ಬೆಳೆಗಾರರಲ್ಲಿ ಕನ್ನಡಕ್ಕೆ ನೆಂಟ ನುಡಿಯಾಡುವ ಬಡಗರು ಬಹಳ ಮಂದಿ. ಆದರೆ ಅವರ ಹಸಿ ಎಲೆಯ ಬಹುಪಾಲು ಸಿಟಿಸಿ ಕಾರ್ಖಾನೆಗಳಿಗೇ ಹೋಗುತ್ತದೆ. ಊಲಾಂಗಿಗೆ ರಾತ್ರಿಯಿಡೀ ಕೈಗೆಲಸ, ಆರಿಸಿ ಕಿತ್ತ ಎಲೆ ಮತ್ತು ಒಳ್ಳೆ ಬೆಲೆ ಕೊಡುವ ಕೊಳ್ಳುಗ ಬೇಕು. ಮೂರೂ ಒಂದೆಡೆ ಕೂಡುವುದು ಕೆಲವೇ ತೋಟಗಳಲ್ಲಿ.

ಚೀನಾ, ತೈವಾನಿನ ಊಲಾಂಗ್ ಬೆಂಗಳೂರಿನಲ್ಲಿ ದುಬಾರಿಯಾಗಲು ಮುಖ್ಯ ಕಾರಣ ಚಹಾದ ಮೇಲಿನ ಶೇ. 100ರ ಮೂಲ ಆಮದು ಸುಂಕ. ಸುಂಕದ ಪಟ್ಟಿಯಲ್ಲಿ ಊಲಾಂಗಿಗೆ ಸ್ವಂತ ಸಾಲಿಲ್ಲ. ಜಾಗತಿಕ ಸರಕು ಸಂಕೇತ 0902ರ ಅಡಿ ಅದನ್ನು ಕಪ್ಪು ಚಹಾದೊಂದಿಗೆ ‘ಭಾಗಶಃ ಹುದುಗಿದ ಚಹಾ’ ಎಂದು ಸೇರಿಸಲಾಗಿದೆ. ಇದರಿಂದ ದೇಶಕ್ಕೆ ಎಷ್ಟು ಊಲಾಂಗ್ ಬರುತ್ತದೆಂಬುದನ್ನು ಆಮದು ಅಂಕಿಗಳಿಂದ ಬೇರ್ಪಡಿಸಿ ತೆಗೆಯುವುದು ಕಷ್ಟ. ಚಹಾದ ಬಗೆಗಳನ್ನು ತಯಾರಿಕಾ ಕ್ರಮದ ಆಧಾರದಲ್ಲಿ ವಿಂಗಡಿಸಿ ಊಲಾಂಗನ್ನು ಪ್ರತ್ಯೇಕವಾಗಿ ಹೆಸರಿಸುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 20715 ಪ್ರಕಟವಾದದ್ದು 2023ರಲ್ಲಿ.